ಮೇಲ್ಮಾಳಿಗೆಯ ಲೂಮು

ಮೂರನೆಯ ಏಟಿಗೆ ಮಲ್ಲಿನಾಥನ ಹುಬ್ಬು ಒಡೆದು ರಕ್ತ ಕಣ್ಣಿಗಿಳಿಯಿತು. ಕುಸಿದುಬಿದ್ದ ನೇಯ್ಗೆಯ ಲೂಮಿನಿಂದ ಕಿತ್ತು ತಂದ ಕಟ್ಟಿಗೆಯನ್ನು ರಾಯಪ್ಪ ಇನ್ನೂ ಕೆಳಗಿಳಿಸಿರಲಿಲ್ಲ. ನೇಕಾರರ ಊರಾದ ಇಚಲಕರಂಜಿಯಲ್ಲಿ ಮಲ್ಲಿನಾಥನ ಚಿಕ್ಕ ಆಫೀಸಿನ ಬಾಗಿಲಲ್ಲಿ ಜನ ನೆರೆದಿದ್ದರು, ಒಬ್ಬರೂ ಒಳಗೆ ಬರಲಿಲ್ಲ.

“ಒಮ್ಮಿಯರ ಮ್ಯಾಲ ಹತ್ತಿ ನೋಡಿದ್ಯೇನ?” ಎಂದ ರಾಯಪ್ಪ.

ನೋಡಿರಲಿಲ್ಲ. ಮನೆ, ಶೆಡ್ಡು ಮಾರಿಸುವ ದಲ್ಲಾಳಿ ಮಲ್ಲಿನಾಥನ ಹನ್ನೆರಡು ವರ್ಷದ ರೂಢಿಯೇ ಅದು: ವಾಟ್ಸಾಪಿನ ಹಳೆಯ ಜಾಹೀರಾತನ್ನೇ ತೆಗೆದು, ಗಲ್ಲಿಯ ಹೆಸರಷ್ಟು ಬದಲಿಸಿ ಗಿರಾಕಿಗೆ ಕಳಿಸುವುದು. ‘ನಾಲ್ಕು ಲೂಮು ಹಾಕಲು ಅಡ್ಡಿಯಿಲ್ಲ’ ಎಂಬ ಸಾಲು ನೆಲದ ಮೇಲಿನ ಯಾವುದೋ ಶೆಡ್ಡಿನದು. ಅದು ಹಾಗೆಯೇ ರಾಯಪ್ಪನಿಗೆ ಕಳಿಸಿದ ಮೇಲ್ಮಾಳಿಗೆಯ ಖೋಲಿಯ ಜಾಹೀರಾತಿಗೂ ಬಂದುಬಿಟ್ಟಿತ್ತು. ಸ್ಲ್ಯಾಬು ತೆಳ್ಳಗಿದ್ದದ್ದನ್ನು ದೇವರೇನೂ ಮುಚ್ಚಿಟ್ಟಿರಲಿಲ್ಲ, ಹತ್ತಿ ನೋಡಲು ಹದಿನಾಲ್ಕೇ ಮೆಟ್ಟಿಲು.

ಆ ಸಾಲನ್ನು ನಂಬಿ ರಾಯಪ್ಪ ಖೋಲಿ ಕೊಂಡ. ನಾಲ್ಕೂ ಲೂಮು ಕೂಡಿ ಬಡಿಯತೊಡಗಿದ ಒಂಬತ್ತನೆಯ ದಿನ ಸ್ಲ್ಯಾಬು ಕುಸಿದು, ಅವನ ಹೆಂಡತಿ ಚೆನ್ನವ್ವ ಲೂಮಿನ ಜೊತೆಗೇ ಕೆಳಗಿನ ಖಾಲಿ ಗೋದಾಮಿಗೆ ಬಿದ್ದಳು. ಜಜ್ಜಿಹೋದ ಬಲಗೈಯನ್ನು ಡಾಕ್ಟರು ಮೊಣಕೈಯಿಂದ ಕೆಳಗೆ ಕತ್ತರಿಸಿದರು. ಇದು ಸಾಲದೆಂಬಂತೆ, ಭಾರ ತಾಳದ ಸ್ಲ್ಯಾಬಿನ ಮೇಲೆ ಲೂಮು ಹೇರಿದ್ದು ರಾಯಪ್ಪನದೇ ತಪ್ಪೆಂದು ಪೊಲೀಸರು ಕೇಸು ಬರೆಯುವವರಿದ್ದರು. ಅವನ ಮೊಬೈಲು ಅವಶೇಷದಡಿ ಪುಡಿಯಾಗಿತ್ತು. ಆ ಸಾಲು ಇನ್ನು ಉಳಿದದ್ದು ಮಲ್ಲಿನಾಥನ ಮೊಬೈಲಿನಲ್ಲಿ ಮಾತ್ರ.

ರಾಯಪ್ಪ ಅವನ ಬಲಗೈಯನ್ನು ಎಳೆದು ಟೇಬಲ್ಲಿಗೆ ಒತ್ತಿ ಹಿಡಿದ. “ಪೊಲೀಸರಿಗೆ ಆ ಸಾಲನ್ನ ತೋರಸ್ತೀನಂತ ಹೇಳು. ಇಲ್ಲಂದ್ರ ನಿನ್ನ ಕೈನೂ ಉಳಸೂದಿಲ್ಲ.”

ಕಟ್ಟಿಗೆ ಆ ಕೈಮೇಲೆ ಬಿತ್ತು. ಎರಡು ಬೆರಳು ಮುರಿದವು. ಮತ್ತೆ ಎತ್ತುವಷ್ಟರಲ್ಲಿ ಹವಾಲ್ದಾರ ದತ್ತಾ ನುಗ್ಗಿ ಬಂದು, ರಾಯಪ್ಪನನ್ನು ಗೋಡೆಗೆ ಅಪ್ಪಳಿಸಿ, ಬಾಯಿಯ ಮೇಲೆ ಬಾರಿಸಿದ.

“ಹೊಡದಿದ್ದಕ್ಕ ತಕ್ರಾರ ಬರದ ಕೊಡ್ರಿ, ಶೇಠ,” ಎಂದ ದತ್ತಾ ಏದುಸಿರಿನಲ್ಲಿ. “ಇಂವ ಒಳಗ ಹ್ವಾದಂದ್ರ ನಿಮ್ಮನ್ನ ಯಾರೂ ಕೇಳೂದಿಲ್ಲ.”

ಆ ಜಾಹೀರಾತನ್ನು ಅಳಿಸಿಬಿಡಿ ಎಂದು ಮಲ್ಲಿನಾಥನ ಹೆಂಡತಿ ಕಾಂಚನ ಬೆಳಗಿನಿಂದ ಎರಡು ಸಲ ಫೋನು ಮಾಡಿದ್ದಳು. ಮಲ್ಲಿನಾಥ ಕೊರಳ ಲಿಂಗವನ್ನೊಮ್ಮೆ ಮುಟ್ಟಿಕೊಂಡು, ಎಡಗೈಯಿಂದ ಮೊಬೈಲು ತೆಗೆದ. ರಕ್ತಕ್ಕೆ ಪರದೆ ಬೆರಳನ್ನು ಗುರುತಿಸಲಿಲ್ಲ. ಅಂಗಿಗೆ ಒರೆಸಿ ಮತ್ತೆ ಒತ್ತಿ, ಆ ಸಾಲನ್ನು ದತ್ತಾನ ಮುಂದೆ ಹಿಡಿದ.

“ಮೊದಲ ಇದನ್ನ ಬರಕೋರಿ,” ಎಂದ. “ನಾ ನೋಡ್ಲಾರದ ಹಾಕಿದ್ದು.”

ಹೊಲಿಗೆ ಹಾಕಿಸಲು ದತ್ತಾ ಇಬ್ಬರನ್ನೂ ದವಾಖಾನೆಗೆ ಕರೆದೊಯ್ದ. ಹೆಂಗಸರ ವಾರ್ಡಿನ ಬಾಗಿಲಲ್ಲಿ ಪರಪುರುಷರನ್ನು ಕಂಡ ಚೆನ್ನವ್ವ ತಲೆಯ ಮೇಲೆ ಸೆರಗೆಳೆದುಕೊಳ್ಳಲು ಬಲಗೈಯನ್ನೇ ಎತ್ತಿದಳು. ಬ್ಯಾಂಡೇಜಿನ ತುದಿ ಸೆರಗಿಗೆ ಮುಟ್ಟಲಿಲ್ಲ. ರಾಯಪ್ಪ ಹತ್ತಿರ ಹೋಗಿ, ಸೆರಗನ್ನು ಮೆಲ್ಲಗೆ ಅವಳ ತಲೆಗೆ ಹೊದಿಸಿದ.