ಸೋಡಾ ನೀರಿಗೆ ಬಿಡದ ಕೆಂಪು

ನನಗೆ ಹನ್ನೆರಡು ವರ್ಷವಿದ್ದಾಗ, ಅಮ್ಮ ನೇಯ್ದ ಸೀರೆಯನ್ನು ವ್ಯಾಪಾರಿಯ ಆಳು ಮಡಚಿಕೊಂಡು ಹೋದ. ಬರಿದಾದ ಮಗ್ಗದ ಮುಂದೆ ನಿಂತು, "ನಮ್ಮ ಮಗ್ಗದ್ದೇ ಒಂದು ಸೀರೆ ನಿನಗೆ ಉಡಿಸ್ತೀನಮ್ಮಾ" ಎಂದು ಮಾತು ಕೊಟ್ಟೆ.

ದೊಡ್ಡವನಾಗಿ ನಾನೂ ಇಲ್ಲೇ ನಮ್ಮೂರು ಸಿರುಮುಗೈಯಲ್ಲಿ ಮಗ್ಗಕ್ಕೆ ಕೂತೆ. ನೇಯ್ದದ್ದೆಲ್ಲ ಕಂಡವರ ಮೈಮೇಲೆ ಹೋಯಿತು. ಈ ವರ್ಷ ಕೊನೆಗೂ ಅಮ್ಮನಿಗೆಂದೇ ಬಿಳಿ ಸೀರೆಗೆ ನೂಲು ಹೊಂದಿಸಿದೆ. ಕೆಂಪು ಅಂಚಿಗೆಂದು ಬಣ್ಣ ಹಾಕುವ ಮಾಯಣ್ಣ ಉಳಿಕೆ ರೇಷ್ಮೆಯ ಎರಡು ಲಡಿ ಕೊಟ್ಟ, ಒಂದು ದೊಡ್ಡದು, ಒಂದು ಸಣ್ಣದು.

"ಎರಡೂ ಒಂದೇ ಕೆಂಪು. ಯಾವುದಕ್ಕೆ ಯಾವ ಥರದ ಬಣ್ಣ ಹಾಕಿದೆನೋ, ಮರೆತೇಹೋಯ್ತಪ್ಪಾ."

ದೊಡ್ಡ ಲಡಿಯನ್ನೇ ಅಂಚಿಗೆ ಸುತ್ತಿಟ್ಟೆ. ಆದರೂ ಅಳುಕು. ಜೀವನವಿಡೀ ಹತ್ತಿನೂಲು ಬೇಯಿಸಿದ ಅಮ್ಮ, ರೇಷ್ಮೆಯನ್ನೂ ಬಟ್ಟೆ ಒಗೆಯುವ ಸೋಡಾ ಹಾಕಿದ ಬಿಸಿನೀರಿನಲ್ಲಿ ಅದ್ದದೆ ಉಡುವವಳಲ್ಲ. ಕೆಂಪು ಬಿಟ್ಟರೆ ಬಿಳಿ ಸೀರೆ ಹಾಳು.

ಹನ್ನೊಂದನೇ ಕ್ಲಾಸು, ಪ್ಲಸ್ ಒನ್ ಓದುವ ಮಗಳು ನಿತ್ಯಾ ಎರಡು ಬಟ್ಟಲಲ್ಲಿ ಬಿಸಿ ಸೋಡಾ ನೀರು ತಂದಳು. "ನಮ್ಮ ಕೆಮಿಸ್ಟ್ರಿಯ ಪಂಕಜಂ ಟೀಚರ್ ಹೇಳಿದ್ರಪ್ಪಾ. ಒಂದು ಥರದ ಬಣ್ಣ ರೇಷ್ಮೆಗೆ ಅಯಾನಿಕ್ ಬಂಧದಲ್ಲಿ ಅಂಟಿರುತ್ತೆ. ಉಪ್ಪಿನ ಹಾಗೆ, ಪ್ಲಸ್ಸು ಮೈನಸ್ಸು ಎಳ್ಕೊಂಡು ಕೂತಿರುತ್ತೆ. ಸೋಡಾ ಬಂದ್ರೆ ರೇಷ್ಮೆಯ ಪ್ಲಸ್ಸು ಹೋಗುತ್ತೆ, ಬಣ್ಣ ಕಳಚುತ್ತೆ. ಇನ್ನೊಂದು ಕೋವೇಲೆಂಟ್. ಬಣ್ಣ, ರೇಷ್ಮೆ ಎರಡೂ ಎಲೆಕ್ಟ್ರಾನ್ ಹಂಚಿಕೊಂಡಿರುತ್ತೆ. ಅದು ಬಿಡಲ್ಲ."

"ಮೊದಲನೇದು ನಿಮ್ಮಪ್ಪ ನಿಮ್ಮಮ್ಮನ ಹಂಗೇ ಕಣೇ, ಯಾವಾಗಲೂ ಎಳೆದಾಟ," ಅಮ್ಮ ಒಳಗಿಂದ ಕೂಗಿದಳು.

"ಸುಮ್ನಿರಜ್ಜಿ, ಅದೂ ಗಟ್ಟಿಯೇ. ಮಧ್ಯೆ ಸೋಡಾ ಬರಬಾರದು, ಅಷ್ಟೇ."

"ಹಂಗಾದ್ರೆ ಸೋಡಾ ನಾನೇ ಬಿಡು!"

ಎರಡು ಲಡಿಗಳಿಂದಲೂ ಒಂದೊಂದು ಎಳೆ ಅದ್ದಿದೆವು. ದೊಡ್ಡ ಲಡಿಯ ಬಟ್ಟಲು ನೋಡನೋಡುತ್ತಲೇ ಕೆಂಪಾಯಿತು. ಸಣ್ಣದರ ನೀರು ತಿಳಿಯಾಗಿಯೇ ಉಳಿಯಿತು. ಸುತ್ತಿದ್ದನ್ನೆಲ್ಲ ಬಿಚ್ಚಿ, ಸಣ್ಣ ಲಡಿಯಲ್ಲೇ ನೇಯ್ದೆ. ಗೇಣಗಲ ಇರಬೇಕಾದ ಅಂಚು ಎರಡು ಬೆರಳಿಗೆ ಇಳಿಯಿತು.

"ಅಂಚು ಇಷ್ಟೇನಾ, ಜಿಪುಣ?" ಎನ್ನುತ್ತಲೇ ಅಮ್ಮ ಸೀರೆಯನ್ನು ಸೋಡಾ ನೀರಿಗೆ ಇಳಿಸಿದಳು. ನಾನು ಬಗ್ಗಿ ನೀರಿನ ಬಣ್ಣ ನೋಡಿದೆ. ಎತ್ತಿದಾಗ ಬಿಳಿ ಬಿಳಿಯಾಗಿಯೇ ಇತ್ತು.

ಆ ಟೀಚರಮ್ಮನ ಮುಖ ನಾನು ಕಂಡಿಲ್ಲ. ಅವರು ಇರುವ ದಿಕ್ಕಿಗೆ ಕೈ ಮುಗಿದೆ. ಪಾಠವನ್ನು ಮನೆಗೆ ಹೊತ್ತು ತಂದ ಮಗಳ ತಲೆ ಸವರಿದೆ.

ಶುಕ್ರವಾರ ಅಮ್ಮನಿಗೆ ನಮ್ಮ ಮಗ್ಗದ ಸೀರೆ ಉಡಿಸಿದೆ.