ಒಣಗಿದ ಮೇಲೆ ಬಂದ ಕುಂಕುಮ

ನಾನು ಒಂದು ಗೇಟ್ ವಾಲ್ವು. ಕಬ್ಬಿಣ ಕರಗಿಸಿ, ಅಚ್ಚಿಗೆ ಹೊಯ್ದು, ತಲೆಗೊಂದು ಚಕ್ರ ಇಟ್ಟು ನನ್ನನ್ನು ಮಾಡಿದರು. ಒಂದು ಕಡೆ ತಿರುಗಿಸಿದರೆ ನೀರು ಬಿಡಬೇಕು, ಇನ್ನೊಂದು ಕಡೆ ತಿರುಗಿಸಿದರೆ ಹಿಡಿಯಬೇಕು. ನೀರಿನ ಕುಲಗೋತ್ರ ವಿಚಾರಿಸುವುದು ನನ್ನ ಕೆಲಸವಲ್ಲ.

ಮೊದಲು ನಾನಿದ್ದದ್ದು ಪಿಳ್ಳಮ್ಮನ ಹಿಪ್ಪುನೇರಳೆ ತೋಟದ ಕೊಳವೆಬಾವಿಯಲ್ಲಿ. ಪ್ರತಿ ಆಯುಧಪೂಜೆಗೂ ಆಕೆ ನನ್ನನ್ನು ತೊಳೆದು, ಅರಿಸಿನ ಕುಂಕುಮ ಹಚ್ಚಿ, ತಲೆಯ ಮೇಲೊಂದು ಹೂವಿಡುತ್ತಿದ್ದಳು. ನಾನೂ ಉಬ್ಬಿಹೋಗುತ್ತಿದ್ದೆ. ಆಮೇಲೆ ಬಾವಿ ಬತ್ತಿತು. ಪಟ್ಟಣದ ಬಚ್ಚಲು ನೀರನ್ನು ಶುದ್ಧ ಮಾಡಿ ಹೊಲಗಳಿಗೆ ಬಿಡುವ ಪೈಪು ಊರಿಗೆ ಬಂತು. ಪಿಳ್ಳಮ್ಮನ ಸೊಸೆ ಸುಕನ್ಯಾ ನನ್ನನ್ನು ಬಿಚ್ಚಿಸಿ, ಆ ಪೈಪಿಗೆ ಕೂರಿಸಿ, ಸೇವಂತಿಗೆ ನೆಟ್ಟಳು.

ಅಂದಿನಿಂದ ಪಿಳ್ಳಮ್ಮ ನನ್ನನ್ನು ಮುಟ್ಟಲಿಲ್ಲ.

“ದೇವ್ರ ತಲೆ ಮ್ಯಾಲೆ ಇಡೋ ಹೂವಿಗೆ ಕಂಡೋರ ಬಚ್ಚಲು ನೀರಾ? ಈ ಸಲ ಹೂವು ಮಾರಾಟ ಆಗ್ಲಿಲ್ಲ ಅಂದ್ರೆ ಪೈಪು ಮುಚ್ಚಿಸಿ ರಾಗಿ ಚೆಲ್ತೀನಿ, ನೋಡ್ಕೋ.”

“ಆಗ್ಲಿ ಅತ್ತೆ, ಹೂವು ಬರ್ಲಿ ಇರಿ,” ಎಂದಳು ಸುಕನ್ಯಾ.

ಹೂವು ಬಂತು. ಮೊದಲ ಕೊಯ್ಲು ಮುಗಿಸಿ ಸುಕನ್ಯಾ ಗಾಡಿ ಕರೆಯಲು ಹೋದಳು. ಅಷ್ಟರಲ್ಲಿ ಪಿಳ್ಳಮ್ಮ ದೇವಸ್ಥಾನದ ಬಾವಿಯಿಂದ ಕೊಡಗಟ್ಟಲೆ ನೀರು ತರಿಸಿ, ಮೈಲಿಗೆ ಕಳೆಯಲೆಂದು ರಾಶಿಯ ಮೇಲೆಲ್ಲ ಸುರಿದು, ಹಾಗೆಯೇ ಮೂಟೆ ಕಟ್ಟಿಸಿಬಿಟ್ಟಳು. ಒದ್ದೆ ಹೂವು ಮೂಟೆಯೊಳಗೆ ಬೆಂದುಹೋಗುತ್ತದೆ. ಬೇಡ ಎಂದು ಕೂಗೋಣವೆಂದರೆ ನನ್ನ ಬಾಯಿಯಿಂದ ಬರುವುದು ನೀರೊಂದೇ.

ಮಾರುಕಟ್ಟೆಯಲ್ಲಿ ಬಿಚ್ಚಿದಾಗ ಹೂವೆಲ್ಲ ಕಪ್ಪಾಗಿ ನಾರುತ್ತಿತ್ತಂತೆ.

“ನೋಡ್ದಾ, ಆ ನೀರಿನ ಗುಣ!” ಎಂದಳು ಪಿಳ್ಳಮ್ಮ.

“ಗಿಡಕ್ಕೆ ಬಿಟ್ಟ ನೀರಲ್ಲ ಅತ್ತೆ, ನೀವು ಸುರಿದ ನೀರು!” ಮೂಟೆ ಕಟ್ಟಿದವರಿಂದ ವಿಷಯ ತಿಳಿದ ಸುಕನ್ಯಾ ಅತ್ತೇಬಿಟ್ಟಳು. “ಇನ್ನೊಂದು ಕೊಯ್ಲು ಐತೆ. ಅದ್ರ ಹತ್ರ ಮಾತ್ರ ಬರಬ್ಯಾಡಿ.”

ಎರಡನೆಯ ಕೊಯ್ಲನ್ನು ಅವಳೇ ಒಂದು ಹನಿ ನೀರೂ ಸೋಕದಂತೆ ಕಟ್ಟಿ ಕಳಿಸಿದಳು. ಅಷ್ಟೂ ಹೂವು ಮಾರಾಟವಾಯಿತು. ಪೈಪು ಉಳಿಯಿತು. ನನ್ನ ಮರ್ಯಾದೆ ಮಾತ್ರ ಉಳಿಯಲಿಲ್ಲ. ಆ ವರ್ಷದ ಆಯುಧಪೂಜೆಯಲ್ಲಿ ಗುದ್ದಲಿಗೂ ಕುಂಕುಮ, ಕುಡುಗೋಲಿಗೂ ಕುಂಕುಮ, ಪಂಕ್ಚರ್ ಆದ ಸೈಕಲ್ಲಿಗೂ ಕುಂಕುಮ. ದುಡಿದ ನನಗಿಲ್ಲ. ಹೊಟ್ಟೆ ಉರಿದುಹೋಯಿತು. ಆಮೇಲೆ ಎಷ್ಟು ವರ್ಷ ದುಡಿದರೂ ಅದೇ ಕಥೆ.

ಈಗ ನನಗೆ ತುಕ್ಕು ಹಿಡಿದಿದೆ. ನನ್ನ ಜಾಗಕ್ಕೆ ಪ್ಲಾಸ್ಟಿಕ್ ವಾಲ್ವು ಬಂದಿದೆ. ನಾನು ಪಂಪುಮನೆಯ ಬಾಗಿಲು ಮುಚ್ಚಿಕೊಳ್ಳದಂತೆ ಅದಕ್ಕೆ ಒತ್ತಾಗಿ ಬಿದ್ದಿದ್ದೇನೆ. ಒಂದು ಹನಿ ನೀರು ಮುಟ್ಟಿ ಎಷ್ಟೋ ಕಾಲವಾಯಿತು.

ಮೊನ್ನೆ ಆಯುಧಪೂಜೆಗೆ ಪಿಳ್ಳಮ್ಮ ಬಂದು ನನ್ನನ್ನು ಸೆರಗಿನಿಂದ ಒರೆಸಿದಳು. “ಪಾಪ, ನಮ್ಮ ಹಳೇ ಬಾವೀದು,” ಎಂದು ಕುಂಕುಮವಿಟ್ಟಳು. ತಲೆಯ ಮೇಲೊಂದು ಸೇವಂತಿಗೆಯನ್ನೂ ಇಟ್ಟಳು, ಅದೇ ಹೊಲದ್ದು. ಆ ಹೂವಿಗೆ ನೀರುಣಿಸಿದ ಪ್ಲಾಸ್ಟಿಕ್ ವಾಲ್ವು ಹೊರಗೆ ಬರಿ ಹಣೆಯಲ್ಲಿ ನಿಂತಿತ್ತು.