ಕುರಿಸಂತೆಯ ಇಂಟರ್ನ್‌ಶಿಪ್ಪು

ಅಪ್ಪನ ಸಂತೆ ಟವೆಲನ್ನು ಮಡಿಲಲ್ಲಿಟ್ಟುಕೊಂಡು ಮಡಿಸುತ್ತಿದ್ದೆ. ಅಪ್ಪ ಕುರಿ ದಲ್ಲಾಳಿ. ಶಿರಾ ಸಂತೆಯಲ್ಲಿ ಬೆಲೆಯನ್ನು ಬಾಯಲ್ಲಿ ಹೇಳುವುದಿಲ್ಲ. ಟವೆಲಿನಡಿ ಕೈಗೆ ಕೈ ಕೊಟ್ಟು, ಬೆರಳು ಹಿಡಿದು ತಿಳಿಸುತ್ತಾರೆ.

ತಂಗಿ ಸಹನಾ ಗೋಡೆಗೊರಗಿ ಕಾಲೇಜಿನ ಸೆಮಿನಾರನ್ನು ನನಗೆ ಒಪ್ಪಿಸುತ್ತಿದ್ದಳು. ದೊಡ್ಡೇರಿಯಿಂದ ಬಸ್ಸಿನಲ್ಲಿ ಮಧುಗಿರಿಗೆ ಹೋಗಿ ಬಿಬಿಎ ಓದುತ್ತಾಳೆ. ನಾನು ಎಂಟನೇ ಕ್ಲಾಸಿಗೇ ಶಾಲೆ ಬಿಟ್ಟವಳು. ನಡುವೆ ಬಾಯಿ ಹಾಕುವುದಿಲ್ಲ. ಹಾಗಾಗಿ ಅವಳ ಕ್ಲಾಸೆಲ್ಲ ನಾನೊಬ್ಬಳೇ.

"ಅಮೆರಿಕಾದಲ್ಲಿ ಈ ಡಿಗ್ರಿ ನಾಲ್ಕು ವರ್ಷ. ಮೊದ್ಲು ಎಲ್ಲಾ ಥರ ಓದಿ, ಆಮೇಲೆ ಬಿಸಿನೆಸ್ ಹಿಡೀಬೋದು. ಇಂಗ್ಲೆಂಡಲ್ಲಿ ಮೂರೇ. ಬೇಕಂದ್ರೆ ಮಧ್ಯ ಒಂದ್ವರ್ಷ ಕೆಲ್ಸ. ಜರ್ಮನೀಲಿ ಕೆಲವು ಕಡೆ ಮೂರು ತಿಂಗ್ಳು ಪಾಠ, ಮೂರು ತಿಂಗ್ಳು ಕಂಪನಿ."

"ನಮ್ತಾವ?" ಅಜ್ಜಿ ಎಲೆಅಡಿಕೆ ಕುಟ್ಟುತ್ತ ಕೇಳಿದಳು.

"ಕೊನೇಲಿ ಒಂದು ಇಂಟರ್ನ್‌ಶಿಪ್ಪು." ಸಹನಾ ಅಪ್ಪನ ಕಡೆ ತಿರುಗಿದಳು. "ಅದನ್ನ ನಿನ್ ಜೊತೆ ಸಂತೇಲೇ ಮಾಡ್ತೀನಿ ಕಣಪ್ಪ. ಮೇಡಂ ಒಪ್ಪವ್ರೆ. ನಾಳೆ ಬರ್ಲಾ?"

ಅಪ್ಪ ಕಾಫಿ ಲೋಟ ಕೆಳಗಿಟ್ಟ. "ನಿನ್ನ ಓದ್ಸಿದ್ದು ಕುರಿ ಹಲ್ಲು ನೋಡಕ್ಕೇನೇ?"

"ಕಂಡೋರ ಕೈ ಹಿಡ್ಕಂಡು ಕೂತ್ಕತಾಳಂತೆ!" ಅಜ್ಜಿ ಬಾಯಿಗೆ ಸೆರಗು ಹಿಡಿದಳು. "ಗಂಡು ಹುಡ್ಕೋ ಕೆಲ್ಸಾನೇ ತಪ್ತು ಬುಡು."

ಎಲ್ಲರೂ ನಕ್ಕೆವು. ನಗುತ್ತಲೇ ಅಪ್ಪ ನನ್ನ ಮಡಿಲಿಂದ ಟವೆಲೆಳೆದು ಸಹನಾಳ ಕೈಮೇಲೆ ಹಾಕಿ, ಒಳಗೆ ತನ್ನ ಕೈ ತೂರಿಸಿದ. "ಎಷ್ಟಂದೆ, ಹೇಳು."

"ಎಂಟು ಸಾವ್ರ."

"ಥೂ, ಒಂಬತ್ತು! ಮರಿ ಮಾರಿ ಮನೆ ಮುಳುಗ್ಸೋಳು ನೀನು. ನಿನ್ ಜರ್ಮನೀಲಿ ಇದ್ನ ಹೇಳ್ಕೊಡ್ತಾರಾ?"

"ಇಲ್ಲ. ನೀನು ಹೇಳ್ಕೊಡು."

ಮತ್ತೆ ಕೈ ಒಳಗೆ ಹೋಯಿತು. ಬಟ್ಟೆಯಡಿ ಯಾವುದೋ ಮರಿ ಮಿಸುಕಾಡಿದಂತೆ ಟವೆಲು ಏಳುತ್ತ ಇಳಿಯುತ್ತಿತ್ತು. "ಗಟ್ಟಿಯಾಗಿ ಹಿಡಿ. ಮುಖ ನೋಡ್ಬ್ಯಾಡ, ಮುಖ ಸುಳ್ಳೇಳ್ತದೆ," ಎನ್ನುತ್ತಿದ್ದ ಅಪ್ಪ. ಕಾಫಿ ಆರಿ ಕೆನೆ ಕಟ್ಟಿತು. ಮೂರನೇ ಸಲ ಸಹನಾ ಸರಿಯಾಗಿ ಹೇಳಿದಾಗ ಅಪ್ಪನ ಮುಖ ಅರಳಿದ್ದನ್ನು ನಾನು ನೋಡಿದೆ. ಅದು ಸುಳ್ಳು ಹೇಳುವ ಮುಖವಾಗಿರಲಿಲ್ಲ.

ಆಮೇಲೆ ಏನೋ ನೆನಪಾದವನಂತೆ ಕೈ ಹಿಂದಕ್ಕೆಳೆದುಕೊಂಡ. "ಬ್ಯಾಡ ಕಣಮ್ಮ. ಸಂತೆ ಜನ ಒಂದೇ ಥರ ಇರಲ್ಲ. ಯಾವ್ದಾರ ಆಫೀಸ್ ನೋಡ್ಕೊ."

ಸಹನಾ ತಲೆ ತಗ್ಗಿಸಿ ಟವೆಲಿನ ಅಂಚು ಎಳೆಯತೊಡಗಿದಳು. ನಾನು ಅದನ್ನು ತೆಗೆದುಕೊಂಡು ಮತ್ತೆ ಮಡಿಸಿದೆ.

"ಅಪ್ಪ, ನಾಳೆ ಅವಳ್ನ ಸಂತೆಗೆ ಕರ್ಕೊಂಡೋಗು."

ಅಜ್ಜಿಯ ಕುಟ್ಟಾಣಿ ನಿಂತಿತು. ಅಪ್ಪ ನನ್ನನ್ನು ನೋಡಿದ, ಟವೆಲನ್ನು ನೋಡಿದ.

"ಕರ್ಕೊಂಡೋಗಪ್ಪ."